ಗೋಡೆಯಲ್ಲಿ ಕರೆಂಟ್ ಬರುವ ಕ್ಯಾಬಿನ್ ಮಾರಲು ಹೊರಟು

ಸ್ನೇಹಿತರೇ, ಇಲ್ಲಿ ಗಲ್ಫಿನ ಅಲ್ ಮಬೇಲಾದಲ್ಲಿ ನಾನು ನಾಲ್ಕು ವರ್ಷದಿಂದ ವಾಸವಿರುವ ತಗಡಿನ ಪೋರ್ಟಾ ಕ್ಯಾಬಿನ್ ಇವತ್ತು ಮಾರಿಹೋಗಬೇಕಿತ್ತು. ಶನಿವಾರದೊಳಗೆ ಅದನ್ನು ಎತ್ತಿಸಿ ಜಾಗ ಖಾಲಿ ಮಾಡಬೇಕೆಂದು ನನಗೆ ವೀಸಾ ಕೊಟ್ಟ ಅರಬಿ ಮಾಲೀಕ, ಕಫೀಲ್, ಹೇಳಿಯಾಗಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಕ್ಕದ ಅಂಗಡಿಯವರಿಂದ ಕಾಗದ ಬರೆಸಿಟ್ಟಿದ್ದೆ: "ಇದ್ದ ಸ್ಥಿತಿಯಲ್ಲೇ ಮಾರಾಟ. ಆಮೇಲೆ ದೂರು ಹೇಳುವಂತಿಲ್ಲ."

ಕೊಳ್ಳಲು ಬಂದವರು ನಮ್ಮ ವಿಟ್ಲ ಕಡೆಯ ಕಂಟ್ರಾಕ್ಟರ್ ಹಮೀದಾಕ. ಅವರು ಪೆನ್ನು ತೆಗೆದಾಗ ನನಗೆ ತಡೆಯಲಾಗಲಿಲ್ಲ.

"ಹಮೀದಾಕ, ಎಸಿ ಹಾಕಿದ್ರೆ ಗೋಡೆಗೆ ಕರೆಂಟ್ ಬರ್ತದೆ. ಒದ್ದೆ ಕೈಯಲ್ಲಿ ಮುಟ್ಟಿದ್ರೆ ಕತೆ ಮುಗೀತು. ನಾನು ರಬ್ಬರ್ ಚಪ್ಪಲಿ ಹಾಕದೆ ಮಂಚದಿಂದ ಇಳಿಯುವುದೇ ಇಲ್ಲ."

"ನೀನು ಸಾಯಲಿಲ್ಲ ಅಲ್ವಾ ಮಾರಾಯ?"

"ನಾನು ಹೆದರುಪುಕ್ಕಲ, ಅದಕ್ಕೇ ಬದುಕಿದ್ದು. ನೀವು ಮೊದಲು ವೈರಿಂಗ್ ಸರಿ ಮಾಡಿಸಿ."

"ನಾನೆಂತ ಇದ್ರಲ್ಲಿ ಮಲಗ್ತೇನಾ? ಆರು ಜನ ಕೆಲಸದವರನ್ನು ಹಾಕ್ಲಿಕ್ಕೆ. ಸಹಿ ಎಲ್ಲಿ ಹೇಳು, ಖಲಾಸ್ ಮಾಡುವ."

ಆರು ಜನ ಅಂದದ್ದೇ ತಡ, ನಾನು ಒಳಗೆ ಹೋಗಿ ಮೈನ್ ಆಫ್ ಮಾಡಿ, ಎಸಿಯ ವೈರನ್ನು ಬುಡದಿಂದಲೇ ಕತ್ತರಿಸಿದೆ. ಹೊರಗೆ ಬಂದರೆ ಹಮೀದಾಕ ಆ ಕಾಗದವನ್ನು ನನ್ನ ಮುಖಕ್ಕೇ ಹಿಡಿದರು.

"ಇದ್ದ ಸ್ಥಿತಿ ಅಂತ ಬರೆಸಿ ಈಗ ಹಾಳು ಮಾಡಿದ್ಯಾ? ಈ ಸೆಕೆಗೆ ಎಸಿ ಇಲ್ಲದೆ ನನ್ನ ಜನ ಸಾಯ್ಬೇಕಾ?"

ಕಾಗದ ಹರಿದು ಹಾಕಿ ಹೊರಟೇಹೋದರು. ಶನಿವಾರದೊಳಗೆ ಇನ್ಯಾರು ಬರುತ್ತಾರೋ, ಅವರು ಎಷ್ಟು ಜನರನ್ನು ಇದರಲ್ಲಿ ಮಲಗಿಸುತ್ತಾರೋ ಎಂದು ಯೋಚಿಸುತ್ತ ಬೆವರುತ್ತಿದ್ದೇನೆ. ಹಮೀದಾಕನ ಆರು ಜನಕ್ಕೂ ಜೀವ ಇದೆಯೆಂದು ಅವರಿಗೆ ನೆನಪಾದದ್ದು ಎಸಿ ನಿಂತ ಮೇಲೆ.