ಕೇಳದೆ ಕೊಟ್ಟ ಮುಖ

ಆ ಫೋಟೋ ಕೊಟ್ಟವನು ನಾನು. ಬಶೀರ್ ಚಾಚಾ ಸುಳ್ಳು ಹೇಳಲಿಲ್ಲ, ನಾನು ಹೇಳಿದೆ. ತಂಗಿ ನನ್ನನ್ನು ನಂಬಿದಳು — ಅದರ ಫಲವನ್ನೂ ಅವಳೇ ಉಂಡಳು.

ನಾನು ಹೆಚ್ಚು ಓದಿದವನಲ್ಲ. ಗದಗದಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ಮೇಲೆ ಪೆನ್‌ರೋಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತೆ. ತಂಗಿ ಇಲ್ಲಿಯೇ ಶಾಲೆ ಕಲಿತಳು, ಹಾಕಿ ಆಡಿದಳು, ಅಮೆರಿಕದ ಕಾಲೇಜೊಂದು ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಂಡಿತು. ರಜೆಗೆ ಬಂದಾಗ ಕಾಲೇಜಿನ ಜರ್ಸಿಯಲ್ಲೇ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ಮುರಿಯುತ್ತಿದ್ದಳು. ಆಗ ತೆಗೆದದ್ದು ಆ ಫೋಟೋ.

ಹುಬ್ಬಳ್ಳಿಯ ಬಶೀರ್ ಚಾಚಾರ ಕಿರಾಣಿ ಅಂಗಡಿ ಇಲ್ಲಿನ ಪಾಪಟೋಟೊಯಿ ಬಡಾವಣೆಯಲ್ಲಿದೆ. ಅವರು ಆಗಷ್ಟೇ ರೊಟ್ಟಿ ಪ್ಯಾಕೆಟ್ ಮಾರಲು ಶುರುಮಾಡಿದ್ದರು. ನಾನೇ ಹೋಗಿ ಫೋಟೋ ತೋರಿಸಿದೆ, ಇವಳ ಫ್ಲೆಕ್ಸ್ ಹಾಕಿಸಿ ಎಂದೆ.

"ತಂಗೀನ್ನ ಕೇಳೀಯೇನಪಾ?"

"ನಾ ಅದೀನಲ್ರಿ ಚಾಚಾ, ಅಣ್ಣ. ಆಕಿ ಏನ್ ಬ್ಯಾಡ ಅಂತಾಳ?"

"ಹಂಗಾರ ಬಾಜೂಕ ನಿನ್ನ ಮಾರಿನೂ ಹಾಕಸ್ಲೇನು? ರೊಟ್ಟಿ ಯಾರೂ ತಗೊಳ್ಳಂಗಿಲ್ಲ ಮತ್ತ!"

ಇಬ್ಬರೂ ನಕ್ಕೆವು. ನಮ್ಮೂರಲ್ಲಿ ಯಾರಾದರೂ ಗೆದ್ದರೆ ಸರ್ಕಲ್ಲಿನಲ್ಲಿ ಅವರ ಫ್ಲೆಕ್ಸ್ ಏಳುತ್ತದೆ, ಗೆದ್ದವರನ್ನು ಯಾರೂ ಕೇಳುವುದಿಲ್ಲ. ಅದು ಅಭಿಮಾನ. ನನ್ನದೂ ಅಷ್ಟೇ ಎನ್ನಬಹುದಿತ್ತು — ಆದರೆ ನಾನು ಬದಲಿಗೆ ಕೌಂಟರಿನ ಕೆಲಸ ಕೇಳಿದ್ದೆ. ಚಾಚಾ ಕೊಟ್ಟರು.

ಅಂಗಡಿಯ ಫೇಸ್‌ಬುಕ್ ಪುಟದಿಂದ ಆ ಜಾಹೀರಾತು ಅವಳ ಕಾಲೇಜಿಗೆ ಮುಟ್ಟಿತು. ಆಟಗಾರರು ತಮ್ಮ ಹೆಸರಿನಿಂದ, ಮುಖದಿಂದ ದುಡಿಯಬಹುದು ಎಂದು ಅಲ್ಲಿ ಈಗ ಕಾನೂನಿದೆಯಂತೆ. ಆದರೆ ಹೊರದೇಶದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರು ಹಾಗೆ ದುಡಿದರೆ ವೀಸಾಕ್ಕೇ ಕುತ್ತು. ನನಗೆ ಅದು ಗೊತ್ತಿರಲಿಲ್ಲ. ಆದರೆ ಆಮೇಲೆ ಮಾಡಿದ್ದನ್ನು ಗೊತ್ತಿದ್ದೇ ಮಾಡಿದೆ.

ಕಾಲೇಜು ವಿಚಾರಣೆ ಶುರುಮಾಡಿದಾಗ ಅವಳು ಫೋನ್ ಮಾಡಿದಳು. "ಅಣ್ಣಾ, ಪ್ಲೀಸ್, ಖರೇ ಹೇಳು. ಆ ಫೋಟೋ ನೀನ ಕೊಟ್ಟೀಯೇನು?"

"ಇಲ್ಲವಾ. ಎಲ್ಲಿಂದರ ತಗೊಂಡಿರಬೇಕು ಅವರು."

ಅದನ್ನೇ ಅವಳು ಕಾಲೇಜಿಗೆ ಹೇಳಿದಳು. ಕಾಲೇಜು ಚಾಚಾರನ್ನು ಕೇಳಿತು. ಮನೆಯವರೇ ಕೊಟ್ಟರು ಎಂದು ಅವರು ಇದ್ದದ್ದನ್ನು ಹೇಳಿದರು. ಸುಳ್ಳಿ ಎನಿಸಿಕೊಂಡವಳು ತಂಗಿ. ತಂಡದಿಂದ ತೆಗೆದರು, ವಿದ್ಯಾರ್ಥಿವೇತನ ನಿಂತಿತು, ಓದು ಅರ್ಧಕ್ಕೇ ಬಿಟ್ಟು ಬಂದಳು. ಬಂದವಳೇ ಅಂಗಡಿಗೆ ಹೋಗಿ, ಸುಳ್ಳು ಹೇಳಿದಿರಿ ಎಂದು ಚಾಚಾರನ್ನು ಬೈದಳು. ನಾನು ಕೌಂಟರಿನ ಹಿಂದೆ ಬೇಳೆ ಕಟ್ಟುತ್ತ ನಿಂತಿದ್ದೆ. ಈ ಕೆಲಸ ಬಿಡುತ್ತೇನೆ ಎಂದು ನಾನು ಅಂದಾಗ, "ಬ್ಯಾಡ ಅಣ್ಣಾ, ಮನಿ ನಡೀಬೇಕಲ್ಲ" ಎಂದವಳೂ ಅವಳೇ.

ಅವಳು ಹೋದ ಮೇಲೆ ಚಾಚಾ ಇಷ್ಟೇ ಅಂದರು: "ನೀನ ಹೇಳು. ನಾ ಹೇಳಿದ್ರ ಚಾಡಿ ಆಗ್ತೈತಿ."

ನಾನು ಹೇಳಲಿಲ್ಲ. ವರ್ಷಗಳು ಹೋದವು.

ಈಗ ಅವಳು ಪಾಮರ್ಸ್ಟನ್ ನಾರ್ತ್ ಎಂಬ ಊರಿನಲ್ಲಿ ಮಕ್ಕಳಿಗೆ ಹಾಕಿ ಕಲಿಸುತ್ತಾಳೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ ಮೈದಾನದಲ್ಲಿ ಯಾರೋ ಒಬ್ಬರು ಒಂದು ಹುಡುಗಿಯ ಕಡೆ ಮೊಬೈಲ್ ಎತ್ತಿದರು. ತಂಗಿ ಅಡ್ಡ ಬಂದು ಮೊದಲು ಆ ಹುಡುಗಿಯನ್ನು ಕೇಳಿ ಎಂದಳು. ಜೋರಾಗಿ ಹೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಅವಳ ಹೆಸರನ್ನು ಇಲ್ಲಿ ಬರೆದಿಲ್ಲ. ಆದರೂ ಇದು ಅವಳ ಬದುಕು. ಇನ್ನೊಮ್ಮೆ ಅವಳನ್ನು ಕೇಳದೆ ಅಚ್ಚಿಗೆ ಕೊಡಲಾರೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಶನಿವಾರ ಹೋಗಿ, ಎದುರಿಗೆ ಕೂತು, ನಾನೇ ಓದಿ ಹೇಳಬೇಕು. ಅವಳು ಬೇಡ ಎಂದರೆ ಇದು ಅಲ್ಲಿಗೇ ನಿಲ್ಲುತ್ತದೆ.

ನೀವು ಇದನ್ನು ಓದುತ್ತಿದ್ದರೆ, ಅವಳು ಕೊಡು ಎಂದಿದ್ದಾಳೆ. ಕ್ಷಮಿಸಿದ್ದಾಳೆ ಎಂದು ಮಾತ್ರ ತಿಳಿಯಬೇಡಿ.