ನುಂಗಿದ ಚೂರಿಗೆ ಬಿಟ್ಟ ಊಟ

ಮೂಡಲಗಿಯ ಬೆಲ್ಲದ ಪೇಟೆಯಲ್ಲಿ ಪಾಯಪ್ಪನ ನಾಲಿಗೆಗೆ ಇದ್ದ ಮರ್ಯಾದೆ ಪಾಯಪ್ಪನಿಗೇ ಇರಲಿಲ್ಲ. ಬೆಲ್ಲದ ದೊಡ್ಡ ಅಚ್ಚಿನ, ಅಂದರೆ ಪೆಂಟೆಯ, ಮೂಲೆಯಿಂದ ಕಡಲೆಕಾಳಿನಷ್ಟು ಚೂರು ಮುರಿದು ನಾಲಿಗೆಯ ಮೇಲಿಟ್ಟನೆಂದರೆ, ಕಬ್ಬು ಬೆಳೆದ ಹೊಲದ ಮಣ್ಣು ಸವಳೋ ಕರಿಯೋ, ಬೆಲ್ಲ ಕುದಿಸಿದವನು ಆ ದಿನ ಹೆಂಡತಿಯೊಡನೆ ಜಗಳಾಡಿ ಬಂದಿದ್ದನೋ ಇಲ್ಲವೋ, ಅಷ್ಟನ್ನೂ ಹೇಳಿಬಿಡುತ್ತಿದ್ದ. ದಲಾಲಿ ಅಂಗಡಿಯಲ್ಲಿ ಕೂತು ಮೂವತ್ತು ವರ್ಷವಾಗಿತ್ತು. ಅಷ್ಟು ವರ್ಷ ಚೂರು ಚೂರಾಗಿ ನುಂಗಿದ ಬೆಲ್ಲವನ್ನು ಒಟ್ಟಿದರೆ ಗೋಕಾಕ ಫಾಲ್ಸಿಗೆ ಅಡ್ಡಗಟ್ಟಿ ನೀರು ನಿಲ್ಲಿಸಬಹುದಿತ್ತು. ನಿಂತ ನೀರು ಪಾನಕವಾಗುತ್ತಿತ್ತು, ಅಷ್ಟೆ.

೧೯೯೮ರ ದೀಪಾವಳಿ ಮುಗಿದ ವಾರ ಗೋಕಾಕದ ಡಾಕ್ಟರು ರಕ್ತದ ಚೀಟಿ ನೋಡಿ ಸಕ್ಕರೆ ರೋಗ ಎಂದರು. ಐವತ್ತೆರಡರ ಪಾಯಪ್ಪನ ಕಣ್ಣೆದುರು ಬಂದದ್ದು ಸಕ್ಕರೆಯಲ್ಲ, ಬೆಲ್ಲದ ಬಾಗೇವಾಡಿ ಎಂಬ ಊರಿನಲ್ಲಿದ್ದ ಅಣ್ಣ ನೇಮಣ್ಣನ ಎಡಗಾಲು. ಅವನಿಗೂ ಇದೇ ರೋಗ. ಮೂರು ವರ್ಷದ ಹಿಂದೆ ಚಪ್ಪಲಿ ಕಚ್ಚಿದ ಸಣ್ಣ ಗಾಯವೊಂದು ಬೆಳೆದು, ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗಿತ್ತು. ಡಾಕ್ಟರು ಮುಂದೆಯೂ ಹೇಳಿದರು: ಹೊತ್ತು ಹೊತ್ತಿಗೆ ಉಣ್ಣಬೇಕು, ಗುಳಿಗೆ ನುಂಗಿ ಊಟ ಬಿಡಬಾರದು, ಎಂದೋ ಒಂದು ದಿನ ಪಥ್ಯ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ಪಾಯಪ್ಪನ ಕಿವಿ ಮಾತ್ರ ‘ಸಿಹಿ ಬಿಡಬೇಕು’ ಎಂಬಲ್ಲಿಗೇ ಬಾಗಿಲು ಹಾಕಿಕೊಂಡಿತ್ತು.

ಅಂದಿನಿಂದ ಅವನು ಬೆಳಿಗ್ಗೆ ಎದ್ದವನೇ ಕಾಲ್ಬೆರಳು ಎಣಿಸತೊಡಗಿದ. ಹತ್ತು ಬಂದರೆ ಎಣಿಕೆ ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸುತ್ತಿದ್ದ. ಹೋಳಿಗೆ ಬಿಟ್ಟ, ಚಹಾದ ಸಕ್ಕರೆ ಬಿಟ್ಟ. ಬೆಲ್ಲದ ರುಚಿ ನೋಡುವುದು ಹೊಟ್ಟೆಪಾಡು, ಅದನ್ನು ಬಿಡಲಾಗಲಿಲ್ಲ. ಹಾಗಾಗಿ ಬಸದಿಗೆ ಹೋಗಿ, ನಾಲಿಗೆಗೆ ಇಟ್ಟದ್ದನ್ನು ಉಗುಳುವೆ, ನುಂಗುವುದಿಲ್ಲ ಎಂದು ನೇಮ ಹಿಡಿದ.

ನೇಮ ತಪ್ಪಿದರೆ ಒಂದು ಊಟ ಬಿಡುವುದು ಆ ಮನೆತನದ ರೂಢಿ. ಅಜ್ಜ ಬಿಟ್ಟಿದ್ದ, ಅವ್ವ ಬಿಟ್ಟಿದ್ದಳು. ಅವರು ಯಾರೂ ಸಕ್ಕರೆಯ ಗುಳಿಗೆ ನುಂಗಿ ಊಟ ಬಿಟ್ಟವರಲ್ಲ ಎಂಬುದು ಪಾಯಪ್ಪನಿಗೆ ಹೊಳೆಯಲಿಲ್ಲ. ಊಟ ಬಿಟ್ಟರೆ ತಪ್ಪಿಗೆ ಶಿಕ್ಷೆ, ಗುಳಿಗೆ ಬಿಟ್ಟರೆ ಕಾಲಿಗೆ ಶಿಕ್ಷೆ ಎಂದುಕೊಂಡಿದ್ದ. ಹೀಗಾಗಿ ಊಟ ಬಿಡುತ್ತಿದ್ದ, ಗುಳಿಗೆ ಬಿಡುತ್ತಿರಲಿಲ್ಲ. ಉಪವಾಸದ ದಿನ ಗುಳಿಗೆಗೂ ರಜೆ ಇರುತ್ತದೆಂದೇ ಹೆಂಡತಿ ಸೀತಾಬಾಯಿ ತಿಳಿದಿದ್ದಳು.

ಮೂವತ್ತು ವರ್ಷ ನುಂಗಿದ ಗಂಟಲು ಒಂದು ನೇಮಕ್ಕೆ ಬಗ್ಗೀತೇ? ವಾರಕ್ಕೆ ಎರಡು ಊಟ ಹೋದವು, ಆಮೇಲೆ ಮೂರು. ಅಂಗಿಯೊಳಗೆ ಗಂಡ ಎಲ್ಲಿದ್ದಾನೆಂದು ಸೀತಾಬಾಯಿ ಹುಡುಕಬೇಕಾಯಿತು.

“ಒಂದ ಚೂರ ನುಂಗಿದ್ದಕ್ಕ ಒಂದ ಊಟ ಬಿಡೋದು ಯಾವ ನ್ಯಾಯರಿ?” ಎಂದು ಕೇಳಿದಳು.

“ನ್ಯಾಯ ಅಲ್ಲ, ಹೆದರಿಕಿ. ಅಣ್ಣನ ಕಾಲ ನೀನೂ ನೋಡೀದಿ.”

“ನೋಡೇನಿ. ಭಾವನೋರು ಊಟ ಬಿಟ್ಟಿದ್ರ ಕಾಲ ಉಳೀತಿತ್ತೇನು?”

“ನಿನಗ ತಿಳ್ಯಾಂಗಿಲ್ಲ. ತಪ್ಪಿಗೆ ಏಟ ಬೀಳಲಿಲ್ಲಂದ್ರ ನಾಳೆ ಪೆಂಟಿ ಪೂರಾ ನುಂಗತೇನಿ.”

“ನುಂಗ್ರಿ ನೋಡೂಣು. ಪೆಂಟಿ ಹತ್ತ ಕೆಜಿ ಐತಿ.”

ಜನವರಿಯಲ್ಲಿ ಮೇಲವಂಕಿಯ ರೈತ ದುಂಡಪ್ಪ ಅಂಗಡಿಗೆ ಹೊಸ ಬೆಲ್ಲ ತಂದ.

“ಕಾಕಾ, ಬೆಲ್ಲ ಉಪ್ಪ ಆಕೈತಂತ ಈ ಸಲ ಯೂರಿಯಾ ಗೀರಿಯಾ, ಸರಕಾರಿ ಗೊಬ್ಬರ ಕಡಿಮಿ ಹಾಕೇನ್ರಿ. ನಾಲಗಿ ಮ್ಯಾಲ ಇಟ್ಟ ಹೇಳ್ರಿ.”

ಪಾಯಪ್ಪ ಇಟ್ಟ. ಉಗುಳಲು ಅಂಗಳಕ್ಕೆ ಹೋಗುವಷ್ಟರಲ್ಲಿ ಬಾಯಲ್ಲಿ ಏನೂ ಉಳಿದಿರಲಿಲ್ಲ. ನಂಬಿಕೆಯಾಗದೆ ಇನ್ನೊಂದು ಚೂರು ಇಟ್ಟ. ಅದೂ ಮೊದಲನೆಯದನ್ನು ಹುಡುಕಿಕೊಂಡು ಒಳಗೆ ಹೋಯಿತು.

“ಚಲೋ ಐತಿ,” ಎಂದ, ಸಾವಿನ ಸುದ್ದಿ ಬಂದವನ ಮುಖ ಮಾಡಿಕೊಂಡು.

“ಚಲೋ ಇದ್ರ ಮಾರಿ ಯಾಕ ಹಿಂಗ ಮಾಡೀರಿ? ಉಪ್ಪ ಆಗೇತಿ ಅನ್ರಿ, ನಾ ಸಿಟ್ಟ ಆಗಾಂಗಿಲ್ಲ.”

“ಉಪ್ಪ ಆಗಿದ್ರ ಪಾಡ ಇತ್ತೋ ಮಾರಾಯಾ.”

ಎರಡು ಚೂರಿಗೆ ಎರಡು ಊಟ. ಮಧ್ಯಾಹ್ನದ್ದು ಬಿಟ್ಟ. ಸಂಜೆ ಐದಕ್ಕೆ ಸೀತಾಬಾಯಿ ತಾಟು ಇಟ್ಟರೆ ಅದನ್ನೂ ಸರಿಸಿ, ಆಕೆ ಒಳಗೆ ಹೋದಾಗ ಗುಳಿಗೆಯನ್ನಷ್ಟೇ ನುಂಗಿದ. ಜೈನರ ಮನೆ, ಹೊತ್ತು ಮುಳುಗಿದರೆ ಬೆಳಗಾಗುವ ತನಕ ಅಲ್ಲಿ ಯಾರೂ ನೀರು ಕೂಡ ಬಾಯಿಗೆ ಹಾಕುತ್ತಿರಲಿಲ್ಲ.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿ ಅಲುಗತೊಡಗಿತು. ಆ ಚಳಿಯಲ್ಲೂ ಬನಿಯನ್ ಹಿಂಡಿದರೆ ಕೊಡ ತುಂಬುವಷ್ಟು ಬೆವರು. ಒಂದು ಬಲ್ಬು ಎರಡಾಗಿ ಕಂಡಿತು. ಒಳಗೆ ಸಿಕ್ಕಿಬಿದ್ದ ಯಾರೋ ಬಾಗಿಲು ಬಡಿದಂತೆ ಎದೆ ಬಡಿಯುತ್ತಿತ್ತು. ಇಷ್ಟು ದಿನ ಕಾಲನ್ನೇ ಕಾಯುತ್ತ ಕೂತಿದ್ದೆ, ಸಾವು ಎದೆಯ ಕಡೆಯಿಂದ ಬಂತಲ್ಲ ಎಂದುಕೊಂಡ.

“ಸೀತಾ,” ನಾಲಿಗೆ ತೊಡರಿತು. “ನನಗ ಏನೋ ಆಗಾಕತ್ತೇತಿ.”

ಸೀತಾಬಾಯಿ ಅವನ ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು. “ಗುಳಿಗಿ ನುಂಗೀರೇನು?”

“ನುಂಗೇನಿ.”

ಗೋಕಾಕದಲ್ಲಿ ಡಾಕ್ಟರ ಎದುರು ಅವಳೂ ನಿಂತಿದ್ದಳು, ಮತ್ತು ಅವಳ ಕಿವಿ ಕೊನೆಯ ತನಕ ತೆರೆದಿತ್ತು. ಒಳಗೆ ಓಡಿ, ಬಟ್ಟಲು ನೀರಿಗೆ ಬೆಲ್ಲ ಕಿವುಚಿಕೊಂಡು ಬಂದಳು. ಪಾಯಪ್ಪ ಮುಖ ತಿರುಗಿಸಿದ.

“ಹೊತ್ತ ಮುಳಗೇತಿ. ಅದರಾಗ ಬೆಲ್ಲ. ಅದಕ್ಕ ಹೆದರೇ ನಾ…”

“ಉಪಾಸ ಇದ್ದ ಗುಳಿಗಿ ನುಂಗಿದ್ರ ಹಿಂಗ ಆಕೈತಿ, ಆವಾಗ ಸಿಹಿನ ಔಷಧ ಅಂತ ಡಾಕ್ಟರು ಹೇಳಿದ್ರು. ಕುಡೀರಿ.”

“ನೇಮ…”

“ಅಂಗಡ್ಯಾಗ ಇರಿವಿ ಕಾಲಾಗ ಸಿಗಬಾರದಂತ ನೋಡಿ ನೋಡಿ ಹೆಜ್ಜಿ ಇಡತೀರಿ. ಬೆಲ್ಲ ತಿಂತಂತ ಒಂದ ಇರಿವಿನಾದ್ರೂ ಹೊಡದೀರೇನು? ಇಲ್ಲಿ ಒಂದ ಜೀವ ಕುಂತೈತಿ. ಒಂದ ಚೂರ ತಿಂತಂತ ಅದನ್ನ ಎರಡ ತಿಂಗಳಿಂದ ತುಳ್ಯಾಕತ್ತೀರಿ. ಇದು ಹಿಂಸಾ ಅಲ್ಲೇನ್ರಿ?”

ಪಾಯಪ್ಪ ಬಟ್ಟಲಿನ ಕಡೆ ತಿರುಗಿದ. ಕುಡಿದರೆ ನೇಮ ಹೋಗುತ್ತದೆ, ಕಾಲೂ ಹೋಗಬಹುದು. ಕುಡಿಯದಿದ್ದರೆ ಜೀವವೇ ಹೋಗುತ್ತದೆ. ನಡುಗುವ ಎರಡೂ ಕೈಯಿಂದ ಬಟ್ಟಲು ಹಿಡಿದ. ಅರ್ಧ ಅಂಗಿಗೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಅದು ಯಾವ ಹೊಲದ ಬೆಲ್ಲವೆಂದು ಆ ನಾಲಿಗೆಗೆ ತಿಳಿಯಲಿಲ್ಲ. ಕಾಲು ಗಂಟೆಯಲ್ಲಿ ಬಲ್ಬು ಒಂದಾಯಿತು. ಸೀತಾಬಾಯಿ ಹಾಲಿನಲ್ಲಿ ರೊಟ್ಟಿ ಕಲಸಿ ಕೊಟ್ಟಳು. ಅದನ್ನೂ ತಿಂದ, ಯಾರೋ ಮಾಡಿದ ತಪ್ಪನ್ನು ತಾನು ಒಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿ.

ಮರುದಿನ ಗೋಕಾಕಕ್ಕೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿ, ಬೇಕಾದಷ್ಟು ಬೈಸಿಕೊಂಡ. ಬರುವಾಗ ಬಸದಿಗೆ ಹೋಗಿ ನೇಮ ತಿದ್ದಿಕೊಂಡ: ಉಗುಳುವ ಪ್ರಯತ್ನ ಬಿಡುವುದಿಲ್ಲ, ಊಟವನ್ನೂ ಬಿಡುವುದಿಲ್ಲ.

ಎಂಟು ದಿನಕ್ಕೆ ಮತ್ತೆ ಒಂದು ಚೂರು ಒಳಗಿಳಿಯಿತು. ಮಧ್ಯಾಹ್ನ ಮನೆಗೆ ನಡೆದು ಬರುವಾಗ ಅಣ್ಣನ ಊರುಗೋಲಿನ ಸದ್ದು ಬೆನ್ನ ಹಿಂದೆಯೇ ಬಂದಂತಾಗಿ ಎರಡು ಸಲ ತಿರುಗಿ ನೋಡಿದ. ಯಾರೂ ಇರಲಿಲ್ಲ. ಕೈಕಾಲು ತೊಳೆದು ಮಣೆಯ ಮೇಲೆ ಕೂತ.

“ಇವತ್ತ ಒಂದ ನುಂಗೇನಿ.”

“ಆತ ಬಿಡ್ರಿ,” ಎಂದು ಸೀತಾಬಾಯಿ ಜೋಳದ ರೊಟ್ಟಿ, ಮೆಂತೆ ಪಲ್ಯ ಹಾಕಿದಳು.

ತಾಟು ಸರಿಸಲು ಕೈ ಅಭ್ಯಾಸದಿಂದ ಮುಂದೆ ಹೋಗಿ, ಅಲ್ಲೇ ನಿಂತಿತು.

“ಹೆದರಿಕಿ ಬರಾಕತ್ತೇತಿ.”

“ಬರಲಿ. ಬಾಜೂಕ ಕುಂಡರ್ಲಿ. ನೀವು ಉಣ್ರಿ.”

ಪಾಯಪ್ಪ ಪಕ್ಕಕ್ಕೆ ನೋಡಿದ. ಮಣೆಯ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟ. ಆಮೇಲೆ ರೊಟ್ಟಿ ಮುರಿದ.