ಒಣ ಗಾಜಿನ ಎಸ್ತೆರ್

ಅತ್ತಾವರದ ಬೀದಿಗಳಲ್ಲಿ ಹಾಲಿನ ಗಾಡಿ ಓಡಾಡುತ್ತಿರುವಾಗಲೇ ಎಸ್ತೆರ್ ಕಾಲೇಜಿನ ರಸಾಯನ ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಮೊದಲ ಕೆಲಸ, ಒಣಗಿಸುವ ಓವನ್ನಿನಿಂದ ಗಾಜಿನ ಪಾತ್ರೆಗಳನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ಒಳಗಿಡುವುದು. ಎರಡನೆಯದು, ಬೈಯುವುದು.

"ಈ ಊರಿನ ಗಾಳಿಯೇ ಒದ್ದೆ. ಅದರ ಮೇಲೆ ಈ ಮಕ್ಕಳು ಕೊಡೆ ತಂದು ಇಲ್ಲೇ ಬಿಡಿಸಿ ಇಡ್ತಾರೆ. ಎಂತ ಹೇಳುವುದು ಇವರಿಗೆ!"

ಗಂಡ ಫಿಲಿಪ್ ಗಲ್ಫ್‌ನ ಕೆಲಸ ಕಳೆದುಕೊಂಡು ಕುಲಶೇಖರದ ಮನೆಗೆ ಮರಳಿದ ವರ್ಷ ಎಸ್ತೆರ್ ಇಲ್ಲಿ ಸಹಾಯಕಿಯಾಗಿ ಸೇರಿದವರು. ಪಾತ್ರೆ ತೊಳೆದು ಒಣಗಿಸುವುದು ಅವರ ಪಾಲಿನ ಕೆಲಸ. ಅದರ ಜೊತೆಗೆ ಭಾನುವಾರ ಮನೆಯಲ್ಲಿ ಹಬೆಯಲ್ಲಿ ಬೇಯಿಸಿದ, ಇಡ್ಲಿಯಂಥ ಸಾನ್ನಾಗಳನ್ನು ಸೋಮವಾರ ಎಲ್ಲರಿಗೂ ತಂದು ಹಂಚುವುದನ್ನು ಅವರಾಗಿಯೇ ಮೈಮೇಲೆ ಎಳೆದುಕೊಂಡಿದ್ದಾರೆ.

ಸಂಶೋಧಕಿ ಮೋಕ್ಷಾಳ ಪ್ರಯೋಗವೂ ಸೋಮವಾರವೇ. ದಾರದಂಥ ಒಂದು ಅಣುವಿನ ಮೇಲೆ ಉಂಗುರದಂಥ ಇನ್ನೊಂದನ್ನು ಪೋಣಿಸಬೇಕು. ಇಷ್ಟು ಸಣ್ಣದಕ್ಕೆ ಸೂಜಿ ಎಲ್ಲಿಂದ ತರುವುದು? ದಾರದಲ್ಲಿ ಧನ ವಿದ್ಯುದಂಶ ಉಂಟು, ಉಂಗುರದ ಒಳಬದಿಯಲ್ಲಿ ಋಣದ ಛಾಯೆ. ಒಂದನ್ನೊಂದು ಸೆಳೆದು ಉಂಗುರ ತಾನಾಗಿಯೇ ದಾರವೇರಿ ಕೂರುತ್ತದೆ. ಆಮೇಲೆ ಎರಡೂ ತುದಿಗೆ ದಪ್ಪ ತಡೆ ಕೂರಿಸಿದರೆ ಅದು ಜಾರುವಂತಿಲ್ಲ. ಆದರೆ ನೀರು ಸೇರಿದರೆ ಅದು ದಾರದ ವಿದ್ಯುದಂಶವನ್ನೇ ಮುತ್ತಿಕೊಂಡು ಸೆಳೆತವನ್ನು ಸಡಿಲಿಸಿಬಿಡುತ್ತದೆ.

ಸೋಮವಾರ ಬಂದರೆ ಪ್ರಯೋಗ ಕೆಡುತ್ತಲೇ ಇತ್ತು. ಉಂಗುರದ ಅಣುಗಳ ಪುಡಿ ಇನ್ನೊಂದು ಸಲಕ್ಕಷ್ಟೇ ಉಳಿದಿತ್ತು. ಅದೂ ಹೋದರೆ ಮೋಕ್ಷಾಳ ಕೆಲಸವನ್ನೇ ಕೈಬಿಡುವ ಮಾತು. "ಗಾಜು ಸರಿ ಒಣಗಿತ್ತಾ ಆಂಟಿ?" ಎಂದು ಅವಳು ಕೇಳಿದಾಗಲಂತೂ ಎಸ್ತೆರ್‌ಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಗಾಜಿನ ಮೇಲೆ ಸಂಶಯ! ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ರೆ."

ಮರು ಸೋಮವಾರ ಸಾನ್ನಾ ಹಂಚಿದ ಮೇಲೆ, ತಿಂಡಿಯ ಹೊತ್ತಿಗಿಂತ ಮೊದಲೇ ಅವರು ಮತ್ತೊಮ್ಮೆ ಓವನ್ ತೆರೆದರು. ಪಾತ್ರೆಗಳ ನಡುವೆ ಸ್ಟೀಲಿನ ಡಬ್ಬಿ. ಒಳಗೆ ಒದ್ದೆ ಬಟ್ಟೆ ಸುತ್ತಿದ ಅವರದೇ ಸಾನ್ನಾ! ಬಿಸಿ ಕಡಿಮೆಯಿರುವ ಬಾಗಿಲ ಬಳಿಯ ಪಾತ್ರೆಗಳ ಒಳಗೆಲ್ಲ ಆ ಬಟ್ಟೆಯ ಹಬೆ ಮಂಜಾಗಿ ಕಟ್ಟಿತ್ತು.

"ಬಿಸಿ ಇದ್ದರೆ ಮೆತ್ತಗೆ ಇರ್ತದಲ್ಲಾ ಆಂಟಿ, ಹಾಗೆ ಇಟ್ಟದ್ದು," ಎಂದಳು ಮೋಕ್ಷಾ, ಮುಖ ಸಣ್ಣದು ಮಾಡಿಕೊಂಡು.

ಎಸ್ತೆರ್ ಬೈದ ಬೈಗುಳ ಕಾರಿಡಾರಿನ ತುದಿಗೂ ಕೇಳಿತಂತೆ. ಬೈದು ಮುಗಿಸಿ ಎಲ್ಲ ಪಾತ್ರೆಗಳನ್ನೂ ಮತ್ತೆ ತೊಳೆದು ಒಣಗಿಸಿ, ಓವನ್ನಿನ ಮುಂದೆಯೇ ಕುರ್ಚಿ ಹಾಕಿ ಕೂತರು. ಉಳಿದ ಪುಡಿಯನ್ನೆಲ್ಲ ಮೋಕ್ಷಾ ಹಾಗೆ ಒಣಗಿದ ಪಾತ್ರೆಗೇ ಹಾಕಿದಳು. ಈ ಬಾರಿ ಉಂಗುರ ದಾರದ ಮೇಲೆ ಕೂತಿತು. ಜಾರಲಿಲ್ಲ.

ನಿಮಗೆ ಏನಾದರೂ ಬೇಕೇ ಎಂದು ಕೇಳಿದರೆ ಎಸ್ತೆರ್ ಮತ್ತೆ ಸಿಡುಕುತ್ತಾರೆ.

"ತಿಂಡಿ ಬಿಸಿ ಮಾಡ್ಲಿಕ್ಕೆ ಬೇರೆ ಒಂದು ಒಲೆ ಕೊಡಿಸಿ. ಸಾನ್ನಾ ತರುವುದನ್ನು ನಿಲ್ಲಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಆ ಹುಡುಗಿ ಬೆಳಿಗ್ಗೆ ಏನೂ ತಿಂದು ಬರುವುದಿಲ್ಲ, ಗೊತ್ತುಂಟಾ?"